ಕ್ಯೂಆರ್ ಫಲಕ ಮೃಗದ ಗುರುತೇ? ಪ್ರಕಟನೆ 13ನೇ ಅಧ್ಯಾಯದ ಓದು, ಒಂದು ಪ್ರಕರಣ

ಕೋಲಾರದ ಹಳೇ ಬಸ್ ನಿಲ್ದಾಣದ ಆಸುಪಾಸಿನಲ್ಲಿ ತರಕಾರಿ ಅಂಗಡಿ ಇಟ್ಟಿರುವ ಕ್ರೈಸ್ತ ಸಭೆಯ ಸದಸ್ಯರೊಬ್ಬರು ಗಲ್ಲಾಪೆಟ್ಟಿಗೆ ಮುಂದಿದ್ದ ಯುಪಿಐ ಫಲಕವನ್ನು ತೆಗೆದು ಗೋಣಿಚೀಲದಡಿ ತಳ್ಳಿದರು. ಕೇಳಿದವರಿಗೆಲ್ಲ "ಕ್ಯಾಶ್ ಇದ್ರೆ ಕೊಡಿ, ಇಲ್ಲಾಂದ್ರೆ ನಾಳೆ ಕೊಡಿ" ಎನ್ನತೊಡಗಿದರು. ಮೊಬೈಲಿಗೆ ಬಂದ ಒಂದು ವಿಡಿಯೊ ಇದಕ್ಕೆ ಕಾರಣ. ಅವರ ಹೆಂಡತಿ ಸಭಾಪಾಲಕರ ಹತ್ತಿರ ಬಂದು, "ಅಯ್ಯನವರೇ, ನಮ್ಮೆಜಮಾನ್ರು ಆಧಾರ್ ಕಾರ್ಡೂ ಸುಟ್ಟಾಕ್ತೀನಿ ಅಂತಾವ್ರೆ. ನೀವೇ ಬಂದು ಒಂದ್ ಮಾತು ಹೇಳಿ" ಎಂದರು.

ಇದು ಒಬ್ಬ ವ್ಯಕ್ತಿಯ ಕಥೆಯಲ್ಲ. ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಕೂಡಿಸಿ ಒಂದು ಪ್ರಕರಣವಾಗಿ ಕಟ್ಟಿದ್ದು. ವಚನಗಳೂ ಲೆಕ್ಕಗಳೂ ಇದ್ದಂತೆಯೇ ಇವೆ, ಯಾರು ಬೇಕಾದರೂ ತೆರೆದು ನೋಡಬಹುದು.

ಬೈಬಲಿನ ಕೊನೆಯ ಪುಸ್ತಕ ಪ್ರಕಟನೆ. ಅದರ 13:16-18ರಲ್ಲಿ ಎಲ್ಲರ ಬಲಗೈ ಅಥವಾ ಹಣೆಯ ಮೇಲೆ ಮೃಗದ ಗುರುತು ಹಾಕಿಸಲಾಗುತ್ತದೆ, ಅದಿಲ್ಲದವರು ಕೊಳ್ಳುವಂತಿಲ್ಲ ಮಾರುವಂತಿಲ್ಲ, ಮೃಗದ ಸಂಖ್ಯೆ 666. ವಿಡಿಯೊದ ವಾದದಲ್ಲಿ ನಾಲ್ಕು ಮಾತಿದ್ದವು. ಕ್ಯೂಆರ್ ಚಿತ್ರದ ಮೂರು ಮೂಲೆಯ ಮೂರು ಚೌಕಗಳೇ 6-6-6. 'ಕಂಪ್ಯೂಟರ್' ಎಂಬ ಇಂಗ್ಲಿಷ್ ಪದದ ಅಕ್ಷರಗಳಿಗೆ ಬೆಲೆ ಕಟ್ಟಿದರೆ 666 ಬರುತ್ತದೆ. ಫೋನು ಹಿಡಿಯುವುದು ಬಲಗೈಯಲ್ಲಿ. ಮುಂದೆ ಇದಿಲ್ಲದೆ ಕೊಳ್ಳುವುದಕ್ಕೂ ಮಾರುವುದಕ್ಕೂ ಆಗುವುದಿಲ್ಲ, ಪ್ರಕಟನೆ 13:17ರಲ್ಲಿ ಬರೆದಿರುವುದು ಇದೇ.

ಸಭಾಪಾಲಕರು ಭಾನುವಾರದ ಪ್ರಸಂಗದಲ್ಲಿ ಉತ್ತರ ಕೊಡಲಿಲ್ಲ, ಒಳ್ಳೆಯದೇ ಆಯಿತು. ಪೀಠದಿಂದ ಹೇಳಿದ್ದಕ್ಕೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ, ಭಯ ಮಾತ್ರ ಹಾಗೇ ಮನೆಗೆ ಹೋಗುತ್ತದೆ. ಬದಲಿಗೆ ಶುಕ್ರವಾರದ ಸತ್ಯವೇದ ಅಧ್ಯಯನದ ನಾಲ್ಕು ಕೂಟಗಳನ್ನು ಇದಕ್ಕೇ ಮೀಸಲಿಟ್ಟರು. ಒಬ್ಬೊಬ್ಬರಿಗೆ ಒಂದು ನೋಟ್‌ಪುಸ್ತಕ, ಪ್ರತಿ ಪುಟಕ್ಕೆ ಮೂರು ಅಂಕಣ: ಚಿತ್ರ, ಪುಸ್ತಕವೇ ಕೊಟ್ಟ ಅರ್ಥ, ಹಳೆಯ ಒಡಂಬಡಿಕೆಯ ಮೂಲ. ನಿಯಮ ಒಂದೇ. ಮೂರನೆಯ ಕೂಟ ಮುಗಿಯುವವರೆಗೆ ಆಧಾರ್, ಯುಪಿಐ, ಯಾವ ದೇಶದ ಹೆಸರೂ ಬಾಯಿಗೆ ಬರಬಾರದು.

ಮೊದಲ ಕೆಲಸ: ಎಲ್ಲಿಂದ ಎಲ್ಲಿಯವರೆಗೆ ಓದಬೇಕು

ವಿಡಿಯೊ 13:16ರಲ್ಲಿ ಶುರುವಾಗಿ 13:18ರಲ್ಲಿ ನಿಂತಿತ್ತು. ಮೂರೇ ವಚನ. ಕೂಟದಲ್ಲಿ ಓದಿಸಿದ್ದು 12:1ರಿಂದ 14:5ರವರೆಗೆ, ಸುಮಾರು 40 ವಚನ. ಗಟ್ಟಿಯಾಗಿ ಓದಿದರೂ ಹತ್ತು ನಿಮಿಷ ಸಾಕು. ಗಟ್ಟಿಯಾಗಿಯೇ ಓದಬೇಕು, ಏಕೆಂದರೆ ಈ ಪುಸ್ತಕ ಒಬ್ಬ ಓದಿ ಉಳಿದವರು ಕೇಳಲೆಂದೇ ಬರೆದದ್ದು (1:3). ಅದು ಹೋದದ್ದು ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ ಎಂಬ ಏಳು ಊರಿನ ಸಭೆಗಳಿಗೆ.

ಹೀಗೆ ಉದ್ದಕ್ಕೆ ಓದಿದ ಕೂಡಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. 13:18ರಲ್ಲಿ 666 ಬಂದು ಅಧ್ಯಾಯ ಮುಗಿಯಿತು. ಮುಂದಿನ ವಚನದಲ್ಲೇ, 14:1ರಲ್ಲಿ, ಚೀಯೋನ್ ಬೆಟ್ಟದ ಮೇಲೆ ಕುರಿಮರಿ, ಅಂದರೆ ಕ್ರಿಸ್ತ, ನಿಂತಿದೆ, ಅದರ ಜೊತೆ 1,44,000 ಜನ, ಅವರ ಹಣೆಯ ಮೇಲೂ ಹೆಸರು ಬರೆದಿದೆ. ಅಧ್ಯಾಯಗಳ ಅಂಕಿ ಪುಸ್ತಕ ಬರೆದ ಯೋಹಾನ ಹಾಕಿದ್ದಲ್ಲ, ಅದು ಬಹಳ ಕಾಲದ ನಂತರ ಸೇರಿದ್ದು. ಕೇಳುವವರ ಕಿವಿಗೆ ಈ ಎರಡು ಹಣೆಗಳು ಒಂದರ ಪಕ್ಕ ಒಂದು ಬಿದ್ದಿರಲೇಬೇಕು. 13:18ರಲ್ಲಿ ಪುಸ್ತಕ ಮುಚ್ಚುವವರಿಗೆ ಅರ್ಧ ಚಿತ್ರವೇ ಸಿಗುತ್ತದೆ, ಅದೂ ಹೆದರಿಸುವ ಅರ್ಧ.

ಎರಡನೆಯ ಕೆಲಸ: ಪುಸ್ತಕವೇ ಬಿಡಿಸಿಟ್ಟ ಚಿತ್ರಗಳು

ಪ್ರಕಟನೆಯ ಕೆಲವು ಚಿತ್ರಗಳಿಗೆ ಪುಸ್ತಕದೊಳಗೇ ಉತ್ತರವಿದೆ. ಏಳು ದೀಪಸ್ತಂಭ ಎಂದರೆ ಏಳು ಸಭೆಗಳು, ಏಳು ನಕ್ಷತ್ರ ಎಂದರೆ ಅವುಗಳ ದೂತರು (1:20). ಧೂಪ ತುಂಬಿದ ಪಾತ್ರೆಗಳು ದೇವಜನರ ಪ್ರಾರ್ಥನೆಗಳು (5:8). ಘಟಸರ್ಪ ಸೈತಾನ (12:9). ಸ್ತ್ರೀ ಕೂತಿರುವ ನೀರುಗಳು ಜನಾಂಗಗಳು (17:15), ಆ ಸ್ತ್ರೀ ಭೂರಾಜರ ಮೇಲೆ ಅಧಿಕಾರ ನಡೆಸುವ ಮಹಾನಗರ (17:18). ಏಳು ತಲೆಗಳು ಏಳು ಬೆಟ್ಟಗಳು, ಜೊತೆಗೆ ಏಳು ಅರಸರು ಕೂಡ (17:9-10). ನಯವಾದ ನಾರುಮಡಿ ದೇವಜನರ ನೀತಿಕೃತ್ಯ (19:8).

ಈ ಪಟ್ಟಿಯಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಒಂದು, ಯಾವ ಚಿತ್ರವೂ ಯಂತ್ರವನ್ನಾಗಲಿ ಉಪಕರಣವನ್ನಾಗಲಿ ಸೂಚಿಸುತ್ತಿಲ್ಲ. ಎಲ್ಲವೂ ಜನ, ಊರು, ಅಧಿಕಾರ, ಪ್ರಾರ್ಥನೆ, ನಡತೆ. ಇನ್ನೊಂದು, ಒಂದು ಚಿತ್ರಕ್ಕೆ ಒಂದೇ ಅರ್ಥ ಎಂಬ ಕಟ್ಟುಪಾಡು ಯೋಹಾನನಿಗಿಲ್ಲ. ತಲೆ ಬೆಟ್ಟವೂ ಹೌದು, ಅರಸನೂ ಹೌದು. 'ಇದಕ್ಕೆ ಇದೇ ಸಮ' ಎಂದು ಕೋಷ್ಟಕ ಹಾಕಿಕೊಂಡು ಹೊರಟವರು ಇಲ್ಲೇ ಎಡವುತ್ತಾರೆ.

ಪಟ್ಟಿ ಮಾಡುವಾಗ ಒಬ್ಬರು 'ಕ್ರಿಸ್ತವಿರೋಧಿ' ಎಂದು ಬರೆದು ವಚನ ಹುಡುಕಿದರು. ಸಿಗಲಿಲ್ಲ. ಆ ಮಾತು ಪ್ರಕಟನೆಯ 22 ಅಧ್ಯಾಯಗಳಲ್ಲಿ ಒಮ್ಮೆಯೂ ಇಲ್ಲ, ಇರುವುದು ಯೋಹಾನನ ಮೊದಲ ಮತ್ತು ಎರಡನೆಯ ಪತ್ರಗಳಲ್ಲಿ ಮಾತ್ರ. ದಾನಿಯೇಲನಿಂದ ಒಂದು ತುಂಡು, ಥೆಸಲೋನಿಕದವರಿಗೆ ಬರೆದ ಪತ್ರದಿಂದ ಒಂದು ತುಂಡು, ಇಲ್ಲಿಂದ ಒಂದು ತುಂಡು ಸೇರಿಸಿ ಒಬ್ಬ ಖಳನಾಯಕನನ್ನು ಕಟ್ಟುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಹೊಲಿಗೆ ಎಲ್ಲಿದೆ ಎಂದೇ ಕಾಣುವುದಿಲ್ಲ.

ಮೂರನೆಯ ಅಂಕಣ: ಹಳೆಯ ಒಡಂಬಡಿಕೆ

ಕೂಟ ಹೆಚ್ಚು ಹೊತ್ತು ಕಳೆದದ್ದು ಇಲ್ಲಿ. ದಾನಿಯೇಲ 7ರಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಬರುತ್ತವೆ: ಸಿಂಹದಂಥದ್ದು, ಕರಡಿಯಂಥದ್ದು, ನಾಲ್ಕು ತಲೆಯ ಚಿರತೆಯಂಥದ್ದು, ಹತ್ತು ಕೊಂಬಿನ ಹೆಸರಿಲ್ಲದ ಭಯಂಕರ ಮೃಗ. ತಲೆ ಎಣಿಸಿ: 1, 1, 4, 1. ಒಟ್ಟು 7. ಕೊಂಬು 10. ಪ್ರಕಟನೆ 13ರ ಮೃಗಕ್ಕೂ 7 ತಲೆ, 10 ಕೊಂಬು, ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ. ದಾನಿಯೇಲ ಬಿಡಿಬಿಡಿಯಾಗಿ ಕಂಡ ಸಾಮ್ರಾಜ್ಯಗಳ ದರ್ಪವನ್ನೆಲ್ಲ ಯೋಹಾನ ಒಂದೇ ಮೃಗದಲ್ಲಿ ತುಂಬಿದ್ದಾನೆ. ದಾನಿಯೇಲ 7:17 ಮೃಗಗಳು ಎಂದರೆ ಅರಸರು ಎಂದು ತಾನೇ ಹೇಳುತ್ತದೆ. ಮೃಗ ಎಂದರೆ ರಾಜ್ಯಶಕ್ತಿ ಎಂಬುದು ಆಮೇಲೆ ಯಾರೋ ಊಹಿಸಿ ಅಂಟಿಸಿದ್ದಲ್ಲ.

ಇಲ್ಲಿ ಒಂದು ಜಾರುವಿಕೆ ಆಯಿತು, ಪ್ರತಿ ಕೂಟದಲ್ಲೂ ಆಗುವಂಥದ್ದೇ. ಹತ್ತು ಕೊಂಬು ಎಂದ ತಕ್ಷಣ ಹಿರಿಯರೊಬ್ಬರು ನಿಯಮ ಮರೆತು ಯುರೋಪಿನ ದೇಶಗಳ ಹೆಸರು ಎತ್ತಿದರು. 1981ರಲ್ಲಿ ಗ್ರೀಸ್ ಸೇರಿದಾಗ ಯುರೋಪಿನ ಆರ್ಥಿಕ ಒಕ್ಕೂಟದ ಸದಸ್ಯರು ಹತ್ತಾದದ್ದು ನಿಜ. ಆಗ ಇದೇ ಹತ್ತು ಕೊಂಬು ಎಂದು ಸಾರಿದವರು ಹಲವರು. 1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಹನ್ನೆರಡಾದವು. ಇಂದಿನ ಒಕ್ಕೂಟದಲ್ಲಿ 27. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅನುಯಾಯಿಗಳು ದಾನಿಯೇಲನ ದಿನಗಳನ್ನು ವರ್ಷವಾಗಿ ಎಣಿಸಿ 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತನ ಬರೋಣ ನಿಗದಿ ಮಾಡಿ ಕಾದದ್ದೂ ಇದೇ ಜಾಡಿನದು. ಸಭಾಪಾಲಕರು ಹಿರಿಯರ ಮಾತನ್ನು ಅಲ್ಲಗಳೆಯಲಿಲ್ಲ. "ನಾಲ್ಕನೇ ಕೂಟದಾಗ ಎತ್ಕೊಳ್ಳೋಣ ಅಣ್ಣಾ" ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟರು.

ಗುರುತಿಗೆ ಮೂಲ ಎರಡು ಕಡೆ. ಧರ್ಮೋಪದೇಶಕಾಂಡ 6:8ರಲ್ಲಿ ದೇವರ ಮಾತನ್ನು ಕೈಗೆ ಕಟ್ಟಿಕೊಳ್ಳಬೇಕು, ಹಣೆಯಲ್ಲಿ ಧರಿಸಬೇಕು. ಕೈ ಮತ್ತು ಹಣೆ, ಅವೇ ಎರಡು ಜಾಗ. ಯೆಹೆಜ್ಕೇಲ 9:4ರಲ್ಲಿ ಯೆರೂಸಲೇಮಿನ ಅನ್ಯಾಯಕ್ಕೆ ನಿಟ್ಟುಸಿರುಬಿಡುವವರ ಹಣೆಗೆ ಗುರುತು ಹಾಕಿಸಿ ಉಳಿಸಲಾಗುತ್ತದೆ. ಪ್ರಕಟನೆ 7:3ರ ಮುದ್ರೆ ಅಲ್ಲಿಂದ ಬಂದದ್ದು. ಹಾಗಾದರೆ ಮೃಗದ ಗುರುತು ಕುರಿಮರಿಯ ಮುದ್ರೆಯ ಖೋಟಾ ನಕಲು. ಆ ಅಧ್ಯಾಯದಲ್ಲಿ ಮೃಗ ಮಾಡುವುದೆಲ್ಲ ನಕಲೇ: ಸಾಯುವ ಪೆಟ್ಟು ತಿಂದು ಬದುಕುತ್ತದೆ (13:3), ಎರಡನೆಯ ಮೃಗಕ್ಕೆ ಕುರಿಮರಿಯಂಥ ಕೊಂಬುಗಳಿವೆ (13:11).

ಈ ಪ್ರಕರಣದ ಗಂಟು ಬಿಚ್ಚಿದ್ದು ಇಲ್ಲಿಯೇ. ದೇವರ ಮುದ್ರೆ ಹಣೆಯಲ್ಲಿದೆ ಎಂದಾಗ ಯಾರೂ ಕನ್ನಡಿ ನೋಡಿ ಶಾಯಿ ಹುಡುಕುವುದಿಲ್ಲ. ಅದು ಯಾರಿಗೆ ಸೇರಿದವನು ಎಂಬುದರ ಮಾತು ಎಂದು ಸಲೀಸಾಗಿ ಒಪ್ಪುತ್ತೇವೆ. ಪಕ್ಕದ ವಚನದ ಗುರುತನ್ನು ಮಾತ್ರ ಚಿಪ್, ಬಾರ್‌ಕೋಡ್, ಚೌಕ ಎನ್ನುವುದಾದರೆ, ಓದುವ ಪದ್ಧತಿ ನಡುವೆ ಬದಲಾದದ್ದೇಕೆ ಎಂದು ಹೇಳಬೇಕಾಗುತ್ತದೆ. ವಿಡಿಯೊ ಹೇಳಿರಲಿಲ್ಲ.

ಮೊದಲು ಕೇಳಿದವರ ಊರು

ಪೆರ್ಗಮದಲ್ಲಿ ಕ್ರಿ.ಪೂ. 29ರಲ್ಲೇ ರೋಮಾ ದೇವತೆಗೂ ಚಕ್ರವರ್ತಿ ಔಗುಸ್ತನಿಗೂ ಗುಡಿ ಕಟ್ಟಲು ಅನುಮತಿ ಸಿಕ್ಕಿತ್ತು. ಅವನ ನಂತರದ ಚಕ್ರವರ್ತಿ ತಿಬೇರಿಯನ ಗುಡಿ ತಮಗೇ ಬೇಕೆಂದು ರೋಮಿನ ಏಷ್ಯ ಪ್ರಾಂತ್ಯದ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಊರುಗಳು ಪೈಪೋಟಿ ಮಾಡಿ, ಕ್ರಿ.ಶ. 26ರಲ್ಲಿ ಸ್ಮುರ್ನ ಗೆದ್ದಿತು. ದೊಮಿತಿಯನ ಕಾಲಕ್ಕೆ (81-96) ಎಫೆಸದಲ್ಲೂ ಚಕ್ರವರ್ತಿ ಮನೆತನದ ಗುಡಿ ಎದ್ದಿತು. ಥುವತೈರ ಕಸುಬುದಾರರ ಊರು, ಬಣ್ಣ ಹಾಕುವವರು, ಕಂಚುಗಾರರು, ಚರ್ಮದವರು ಸಂಘ ಕಟ್ಟಿಕೊಂಡಿದ್ದರೆಂದು ಶಾಸನಗಳು ಹೇಳುತ್ತವೆ. ಕೆನ್ನೇರಳೆ ಬಟ್ಟೆ ಮಾರುತ್ತಿದ್ದ ಲುದ್ಯ ಅಲ್ಲಿಯವಳು (ಅಪೊಸ್ತಲರ ಕೃತ್ಯಗಳು 16:14). ಸಂಘದ ಊಟವೆಂದರೆ ದೇವತೆಗೆ ಅರ್ಪಿಸಿದ ಊಟ. ಅದಕ್ಕೆ ಹೋಗದವನಿಗೆ ಕಸುಬು ನಡೆಸುವುದು ಕಷ್ಟ. ಪ್ರಕಟನೆ 2:14 ಮತ್ತು 2:20ರಲ್ಲಿ ವಿಗ್ರಹಕ್ಕೆ ಅರ್ಪಿಸಿದ ಆಹಾರದ ತಕರಾರು ಬರುವುದು ಇದೇ ಕಾರಣಕ್ಕೆ. ಕೊಳ್ಳುವ ಮಾರುವ ಮಾತು ಆ ವ್ಯಾಪಾರಿಗಳಿಗೆ ಮುಂದೆಂದೋ ಬರುವ ತಂತ್ರಜ್ಞಾನವಲ್ಲ, ಆ ವಾರದ ಸಂಪಾದನೆ.

ಒತ್ತಾಯದ ಸ್ವರೂಪ ಹೇಗಿರಬಹುದಿತ್ತು ಎಂಬುದಕ್ಕೆ ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯದ ಅಧಿಪತಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದವಿದೆ. ಆಪಾದಿತರು ಚಕ್ರವರ್ತಿಯ ಪ್ರತಿಮೆಗೆ ಧೂಪ ಮತ್ತು ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ.

ಈಗ ಕೂಟದವರು ಪ್ರಕಟನೆಯ ವಚನಗಳನ್ನು ಸಾಲಾಗಿ ಇಟ್ಟು ನೋಡಿದರು: 14:9, 14:11, 16:2, 19:20, 20:4. ಐದರಲ್ಲೂ ಗುರುತಿನ ಮಾತು ಮೃಗದ ಅಥವಾ ಅದರ ಪ್ರತಿಮೆಯ ಆರಾಧನೆಯ ಜೊತೆಯಲ್ಲೇ ಬರುತ್ತದೆ. 13:16ರ ಹಿಂದೆ ಕೂಡ 13:15ರಲ್ಲಿ ಪ್ರತಿಮೆಗೆ ಅಡ್ಡಬೀಳದವರ ಕೊಲೆಯಿದೆ. ಅರಿಯದೆ, ದಿನಸಿ ಕೊಳ್ಳುವ ನೆಪದಲ್ಲಿ, ಮೈಗೆ ಅಂಟಿಬಿಡುವ ಗುರುತು ಈ ಪುಸ್ತಕದಲ್ಲಿಲ್ಲ. ಅಂಗಡಿಯವರ ಭಯ ನಿಜವಾಗಿ ಇದ್ದದ್ದು ಇಲ್ಲಿಯೇ, ಗೊತ್ತಿಲ್ಲದೆ ನರಕಕ್ಕೆ ಬೀಳುತ್ತೇನೆಂಬುದು. ಅವರು ಆ ಐದು ವಚನಗಳನ್ನು ತಮ್ಮ ಕೈಯಾರೆ ಬರೆದುಕೊಂಡರು.

ಸಂಖ್ಯೆ

ಗ್ರೀಕ್, ಹೀಬ್ರೂ ಭಾಷೆಗಳಲ್ಲಿ ಅಕ್ಷರವೇ ಅಂಕಿ. ಹೆಸರನ್ನು ಸಂಖ್ಯೆಯಾಗಿ ಬರೆಯುವುದು ಆಗಿನವರಿಗೆ ದಿನಬಳಕೆಯ ಆಟ. ಕ್ರಿ.ಶ. 79ರಲ್ಲಿ ಹೂತುಹೋದ ಇಟಲಿಯ ಪೊಂಪೇಯಿ ಊರಿನ ಗೋಡೆಯಲ್ಲಿ 545 ಎಂಬ ಸಂಖ್ಯೆಯವಳನ್ನು ಪ್ರೀತಿಸುತ್ತೇನೆ ಎಂಬ ಗೀಚು ಬರಹವಿದೆ. ರೋಮಿನ ಚಕ್ರವರ್ತಿ ನೀರೋ ಹೆಸರಿನ ಗ್ರೀಕ್ ಮೊತ್ತವೂ 'ತಾಯಿಯನ್ನು ಕೊಂದ' ಎಂಬ ಮಾತಿನ ಮೊತ್ತವೂ ಒಂದೇ ಎಂದು ರೋಮಿನಲ್ಲಿ ಕುಹಕ ಹರಿದಾಡುತ್ತಿತ್ತೆಂದು ಚರಿತ್ರೆಕಾರ ಸುಯೆಟೋನಿಯಸ್ ಬರೆದಿದ್ದಾನೆ. ಮೊತ್ತ 1005.

'ನೇರೋನ್ ಕೈಸರ್' ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದರೆ: ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಕೂಡಿಸಿದರೆ 666. ಲ್ಯಾಟಿನ್ ರೂಪದಂತೆ 'ನೇರೋ' ಎಂದು ಬರೆದು ಕೊನೆಯ ನೂನ್ ಬಿಟ್ಟರೆ 616. ಕೆಲವು ಹಸ್ತಪ್ರತಿಗಳಲ್ಲಿ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಹಳೆಯ ಪಪೈರಸ್‌ನಲ್ಲೂ, 666ರ ಬದಲು 616 ಎಂದೇ ಇದೆ. ಎರಡು ಪಾಠಗಳಿಗೂ ಒಂದೇ ಹೆಸರು ಹೊಂದುವುದು ಈ ವಿವರಣೆಯ ಬಲ. ದೌರ್ಬಲ್ಯವನ್ನೂ ಹೇಳಿಬಿಡಬೇಕು: ಗ್ರೀಕ್ ಪುಸ್ತಕದ ಒಗಟಿಗೆ ಹೀಬ್ರೂ ಲೆಕ್ಕ ಬೇಕಾಗುತ್ತದೆ. ಕ್ರಿ.ಶ. 180ರ ಸುಮಾರಿಗೆ ಆದಿ ಸಭೆಯ ಬಿಷಪ್ ಐರೇನಿಯಸ್ 616 ತಪ್ಪು ಪಾಠವೆಂದು ತಳ್ಳಿ, ಬೇರೆ ಮೂರು ಹೆಸರು ಸೂಚಿಸಿ, ಯಾವುದನ್ನೂ ಖಚಿತಪಡಿಸದೆ ಬಿಟ್ಟ. ಅವನ ಪಟ್ಟಿಯಲ್ಲಿ ನೀರೋ ಇಲ್ಲ.

ಇನ್ನು 'ಕಂಪ್ಯೂಟರ್' ಲೆಕ್ಕ. ಎ ಎಂದರೆ 6, ಬಿ ಎಂದರೆ 12, ಹೀಗೆ ಆರಾರು ಏರಿಸುತ್ತ ಹೋದರೆ ಆ ಪದಕ್ಕೆ 666 ಬರುವುದು ನಿಜ. ಅಂದರೆ ಸಾಮಾನ್ಯ ಕ್ರಮದಲ್ಲಿ (ಎ 1, ಬಿ 2) ಮೊತ್ತ 111 ಬರುವ ಯಾವ ಪದಕ್ಕಾದರೂ ಇದೇ ಗತಿ. ಆಲೂಗಡ್ಡೆಗೆ ಇಂಗ್ಲಿಷಿನಲ್ಲಿ 'ಪೊಟೇಟೋಸ್' ಎಂದು ಬರೆದು ಎಣಿಸಿ: ಪಿ 16, ಓ 15, ಟಿ 20, ಎ 1, ಟಿ 20, ಓ 15, ಇ 5, ಎಸ್ 19. ಒಟ್ಟು 111, ಆರರಿಂದ ಗುಣಿಸಿದರೆ 666. ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಮೃಗವನ್ನು ಚೀಲಗಟ್ಟಲೆ ಬೆಳೆಯುತ್ತಿದ್ದೇವೆ ಎಂದಾಯಿತು. ಕೂಟ ನಕ್ಕಿತು. ಅಂಗಡಿಯವರು ಮೊದಲ ಸಲ ನಕ್ಕದ್ದೂ ಆಗಲೇ. ಆರರಿಂದ ಏಕೆ ಗುಣಿಸಬೇಕು, ಇಂಗ್ಲಿಷ್ ಅಕ್ಷರವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಬಂದರೆ ತಾನೇ ಲೆಕ್ಕ ಲೆಕ್ಕವಾಗುವುದು?

ಕ್ಯೂಆರ್ ಚೌಕಗಳದ್ದು ಸರಳ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ಮಾಡಿದ್ದು ಅದು. ಮೂಲೆಯ ಮೂರು ಚೌಕಗಳು ಚಿತ್ರ ತಲೆಕೆಳಗಾಗಿದೆಯೇ ಓರೆಯಾಗಿದೆಯೇ ಎಂದು ಕ್ಯಾಮೆರಾಗೆ ತಿಳಿಯಲಿಕ್ಕೆ. ಅವು ಪ್ರತಿಯೊಂದೂ 7 ಮನೆ ಅಗಲ, 7 ಮನೆ ಎತ್ತರ, 6 ಅಲ್ಲ. ತೀರಾ ಚಿಕ್ಕದನ್ನು ಬಿಟ್ಟು ಉಳಿದ ಕೋಡ್‌ಗಳಲ್ಲಿ ಬಲಗೆಳಗಿನ ಮೂಲೆಯ ಹತ್ತಿರ ನಾಲ್ಕನೆಯ ಪುಟ್ಟ ಚೌಕವೂ ಇರುತ್ತದೆ. ಅದನ್ನು ವಿಡಿಯೊ ತೋರಿಸಿರಲಿಲ್ಲ.

ನಾಲ್ಕನೆಯ ಕೂಟ: ಇಂದಿನ ಮಾತು

ಕೂಟದಲ್ಲಿದ್ದ ಇಬ್ಬರು ಹಿರಿಯರು 4ನೇ ಅಧ್ಯಾಯದಿಂದಾಚೆಗೆಲ್ಲ ಮುಂದೆ ಮಹಾ ಸಂಕಟದ ಕಾಲದಲ್ಲಿ ಆಗುವುದು, ಗುರುತು ಆಗ ನಿಜವಾಗಿಯೂ ಮೈಮೇಲೆ ಬೀಳುತ್ತದೆ ಎಂದು ನಂಬಿದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಕಟ್ಟಿ, 1909ರ ಸ್ಕೋಫೀಲ್ಡ್ ಟಿಪ್ಪಣಿಯ ಬೈಬಲ್ ಊರೂರಿಗೆ ಮುಟ್ಟಿಸಿದ ಓದು ಇದೇ ಜಾತಿಯದು. ಅವರನ್ನು ಸೋಲಿಸಲು ಹೋಗುವುದು ವ್ಯರ್ಥ, ಅಗತ್ಯವೂ ಇಲ್ಲ. ಅವರ ಓದಿನೊಳಗೇ ನಿಂತು ಕೇಳಿದರೆ ಸಾಕು. ಆ ಓದಿನ ಪ್ರಕಾರ ಗುರುತಿಗೆ ಮುಂಚೆ ಮೃಗ ಕಾಣಿಸಿಕೊಂಡಿರಬೇಕು, 42 ತಿಂಗಳ ಅಧಿಕಾರ ಸಿಕ್ಕಿರಬೇಕು (13:5), ಪ್ರತಿಮೆ ನಿಂತಿರಬೇಕು, ಅಡ್ಡಬೀಳದವರು ಸಾಯಬೇಕು, ಗುರುತು ಬಲಗೈ ಅಥವಾ ಹಣೆಯ ಮೇಲಿರಬೇಕು. ಗೋಡೆಗೆ ಅಂಟಿಸಿದ ಫಲಕ ಇದರಲ್ಲಿ ಯಾವುದಕ್ಕೆ ಹೊಂದುತ್ತದೆ? ಯಾವುದಕ್ಕೂ ಇಲ್ಲ ಎಂದು ಆ ಹಿರಿಯರೇ ಹೇಳಿದರು. ಟೊಮೆಟೊ ಮಂಡಿಯಲ್ಲಿ ಇವತ್ತಿಗೂ ನೋಟು ಎಣಿಸಿ ಕೊಡುತ್ತಾರೆ ಎಂದೂ ಸೇರಿಸಿದರು. ಅಂಗಡಿಯವರಿಗೆ ಸಭಾಪಾಲಕರ ವಿವರಣೆಗಿಂತ ಇದೇ ಹೆಚ್ಚು ನಾಟಿತು.

ಆಮೇಲೆ ಯುವಕನೊಬ್ಬ ಕೇಳಿದ ಪ್ರಶ್ನೆ ಇಡೀ ಪ್ರಕರಣದಲ್ಲೇ ಸೂಕ್ಷ್ಮವಾದದ್ದು. ಹಣೆಯ ಗುರುತು ಎಂದರೆ ಪಕ್ಕದ ಅಂಗಡಿಯವರ ಕುಂಕುಮ, ವಿಭೂತಿ ಆಗಬಹುದಲ್ಲವೇ? ಆಯುಧಪೂಜೆಗೆ ಮಾರುಕಟ್ಟೆಯವರೆಲ್ಲ ಚಂದಾ ಎತ್ತುವಾಗ ಕೊಡುವುದು ಗುರುತು ಹಾಕಿಸಿಕೊಂಡಂತೆಯೇ? ಇಂಥ ಓದು ಊರಿನ ನೆಮ್ಮದಿ ಕೆಡಿಸುವಂಥದ್ದು, ಮೇಲಾಗಿ ವಚನಕ್ಕೂ ಹೊಂದುವುದಿಲ್ಲ. ಮೃಗ ಎಂದರೆ ಖಡ್ಗ ಹಿಡಿದು ಆರಾಧನೆ ಕೇಳುವ ಅಧಿಕಾರ, ನೆರೆಯವರ ಮನೆಯ ಆಚಾರವಲ್ಲ. ಕುಂಕುಮ ಇಟ್ಟವರು ಯಾರನ್ನೂ ಕೊಳ್ಳಬೇಡಿ ಮಾರಬೇಡಿ ಎನ್ನುತ್ತಿಲ್ಲ. ಚಂದಾದ ಪ್ರಶ್ನೆ ಬೇರೆಯದು, ಅದಕ್ಕೆ ತೆರೆಯಬೇಕಾದದ್ದು 1 ಕೊರಿಂಥ 8ರಿಂದ 10. ಅಲ್ಲಿ ಪೌಲ ಮಾರುಕಟ್ಟೆಯಲ್ಲಿ ಮಾರುವುದನ್ನು ವಿಚಾರಿಸದೆ ಕೊಂಡು ತಿನ್ನಿ ಎನ್ನುತ್ತಾನೆ (10:25), ಆದರೆ ದೆವ್ವಗಳ ಪಂಕ್ತಿಯಲ್ಲಿ ಪಾಲು ತೆಗೆದುಕೊಳ್ಳಬೇಡಿ ಎಂದೂ ಹೇಳುತ್ತಾನೆ (10:21). ಗೆರೆ ಎಲ್ಲಿ ಎಳೆಯಬೇಕೆಂದು ಕೂಟ ತೀರ್ಮಾನಿಸಲಿಲ್ಲ. ಅವರವರ ಮನಸ್ಸಾಕ್ಷಿಗೆ ಬಿಟ್ಟಿತು.

ಫಲಕ ಮರುವಾರ ಗಲ್ಲಾಪೆಟ್ಟಿಗೆಯ ಮುಂದೆ ಬಂತು. ಮುಂದೊಂದು ದಿನ ನಿಜವಾದ ಗುರುತು ಬಂದೇ ಬರುತ್ತದೆ ಎಂಬ ನಂಬಿಕೆಯನ್ನು ಅಂಗಡಿಯವರು ಬಿಟ್ಟಿಲ್ಲ, ಬಿಡಿ ಎಂದು ಯಾರೂ ಹೇಳಲೂ ಇಲ್ಲ.

ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟದ್ದಕ್ಕೆ ಸಮಯ ಸಾಲಲಿಲ್ಲ. ಕೊಂಬುಗಳ ಜೊತೆ 17:10ರ ಏಳು ಅರಸರನ್ನೂ ಎಣಿಸಬೇಕಾಗುತ್ತದೆ: ಐವರು ಬಿದ್ದರು, ಒಬ್ಬನಿದ್ದಾನೆ, ಇನ್ನೊಬ್ಬ ಬಂದಿಲ್ಲ. ಯೂಲಿಯಸ್ ಸೀಸರನಿಂದ ಎಣಿಸಿದರೆ ಆರನೆಯವನು ನೀರೋ. ಔಗುಸ್ತನಿಂದ ಎಣಿಸಿದರೆ ಗಾಲ್ಬ. ಕ್ರಿ.ಶ. 68-69ರಲ್ಲಿ ಕೆಲವೇ ತಿಂಗಳು ಆಳಿದ ಗಾಲ್ಬ, ಒಥೊ, ವಿಟೆಲ್ಲಿಯಸ್ ಮೂವರನ್ನು ಬಿಟ್ಟರೆ ವೆಸ್ಪಾಸಿಯನ್. ಪುಸ್ತಕ ದೊಮಿತಿಯನ ಕಾಲದ್ದೆಂದು ಐರೇನಿಯಸ್ ಹೇಳುತ್ತಾನೆ, ಆದರೆ ಈ ಯಾವ ಎಣಿಕೆಯೂ ದೊಮಿತಿಯನ ಮೇಲೆ ನಿಲ್ಲುವುದಿಲ್ಲ. ಮುಂದಿನ ಸರಣಿಗೆ 17ನೇ ಅಧ್ಯಾಯ ಗೊತ್ತು ಮಾಡಿದ್ದಾರೆ. ಏಳು ಎಂಬುದು ಲೆಕ್ಕದ ಏಳೇ, ಇಲ್ಲ ಪೂರ್ಣತೆಯ ಏಳೇ ಎಂಬಲ್ಲಿಂದ ಶುರು.